ನಾನೂರು ಕಿಲೋಮೀಟರ್ ಆಚೆಯ ಸೇನಾ ವಿಮಾನದ ಮಾತು ಕೇಳುವುದು ಹೇಗೆ?

ಇದು ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ. ಅಲ್ಲಿ ಗೂಢಲಿಪಿಯಿಲ್ಲದ ಸೇನಾ ವಿಮಾನಗಳ ಸಂಭಾಷಣೆಯನ್ನು ಮನೆಯಲ್ಲಿ ಕುಳಿತು ಕೇಳಬಹುದು. ವಾಹನದಲ್ಲಿ ಸ್ಕ್ಯಾನರ್ (ಚಾನೆಲ್‌ಗಳನ್ನು ಒಂದೊಂದಾಗಿ ಸುತ್ತಿ ಹುಡುಕುವ ರೇಡಿಯೊ) ಒಯ್ಯಲು ಮಾತ್ರ ಕೆಲವು ರಾಜ್ಯಗಳಲ್ಲಿ ನಿರ್ಬಂಧವಿದೆ. ಭಾರತದಲ್ಲಿ ಪರವಾನಗಿಯಿಲ್ಲದೆ ಇಂತಹ ಉಪಕರಣ ಇಟ್ಟುಕೊಳ್ಳುವುದೇ ಕಾನೂನುಬಾಹಿರ. ಊರಿಗೆ ಬರುವಾಗ ದಯವಿಟ್ಟು ಅದನ್ನು ತರಬೇಡಿ.

ಮೊದಲು ಸ್ಕ್ಯಾನರ್. ಅದು ಸೇನಾ ವಿಮಾನಗಳು ಮಾತಾಡುವ 225ರಿಂದ 400 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಎಎಂನಲ್ಲಿ (ತರಂಗದ ಬಲವನ್ನು ಏರಿಳಿಸಿ ದನಿ ಸಾಗಿಸುವ ವಿಧಾನದಲ್ಲಿ) ಹಿಡಿಯಬೇಕು. ಅಗ್ಗದ ಹಲವು ಮಾದರಿಗಳು ನಾಗರಿಕ ವಿಮಾನಗಳ 118–137 ಮೆಗಾಹರ್ಟ್ಸ್‌ಗೇ ನಿಂತುಬಿಡುತ್ತವೆ; ಕೊಳ್ಳುವ ಮುನ್ನ ವಿವರಪಟ್ಟಿಯನ್ನು ಓದಿ.

ದೂರ ನಿರ್ಧಾರವಾಗುವುದು ರೇಡಿಯೊದ ಬೆಲೆಯಿಂದಲ್ಲ, ವಿಮಾನದ ಎತ್ತರದಿಂದ. ಈ ತರಂಗಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ, ಭೂಮಿ ಬಾಗಿದಲ್ಲಿ ಮರೆಯಾಗುತ್ತವೆ. ಎತ್ತರದ (ಮೀಟರ್‌ಗಳಲ್ಲಿ) ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಕಿಲೋಮೀಟರ್‌ಗಳು ಸಿಗುತ್ತವೆ. 9,000 ಮೀಟರ್ ಎತ್ತರದ ವಿಮಾನ ಸುಮಾರು 390 ಕಿಲೋಮೀಟರ್‌ನಿಂದ ಕೇಳಿಸುತ್ತದೆ; 300 ಮೀಟರ್‌ಗೆ ಇಳಿದರೆ 70 ಮಾತ್ರ. ನಿಮ್ಮ ಆಂಟೆನಾ 9 ಮೀಟರ್ ಮೇಲಿದ್ದರೆ ಇನ್ನೊಂದು 12 ಕಿಲೋಮೀಟರ್ ಸೇರುತ್ತದೆ. ದೂರದ ವಾಯುನೆಲೆಯ ಗೋಪುರ ಸಾಮಾನ್ಯವಾಗಿ ಕೇಳಿಸುವುದಿಲ್ಲ. ಪೈಲಟ್‌ನ ಉತ್ತರದಿಂದಲೇ ಪ್ರಶ್ನೆಯನ್ನು ಊಹಿಸಬೇಕು. ಈ ಹವ್ಯಾಸದ ನಿಜವಾದ ಸುಖ ಅದರಲ್ಲಿದೆ ಎಂಬುದು ನನ್ನ ನಂಬಿಕೆ.

ಹಣವಿದ್ದರೆ ಆಂಟೆನಾಕ್ಕೆ, ಕೇಬಲ್‌ಗೆ ಸುರಿಯಿರಿ. 300 ಮೆಗಾಹರ್ಟ್ಸ್‌ನಲ್ಲಿ ತರಂಗದ ಉದ್ದ 1 ಮೀಟರ್; ಅದರ ಕಾಲುಭಾಗ, ಅಂದರೆ 25 ಸೆಂಟಿಮೀಟರ್‌ನ ಲಂಬ ಕಡ್ಡಿ ಸಾಕು. ಅದನ್ನು ಸೂರಿನ ಮೇಲೇರಿಸಿ. ಆದರೆ ಆರ್‌ಜಿ-58ರಂತಹ ತೆಳು ಕೇಬಲ್ 15 ಮೀಟರ್ ಎಳೆದರೆ ಹಿಡಿದ ಸಂಕೇತದ ಅರ್ಧಕ್ಕೂ ಹೆಚ್ಚು ದಾರಿಯಲ್ಲೇ ಸೋರಿಹೋಗುತ್ತದೆ. ದಪ್ಪ ಕೇಬಲ್ ಹಾಕಿ, ಉದ್ದವನ್ನು ಕಡಿಮೆ ಮಾಡಿ.

ಇನ್ನು ಹುಡುಕಾಟ. 25 ಕಿಲೋಹರ್ಟ್ಸ್ ಹೆಜ್ಜೆಯಲ್ಲಿ ಇಡೀ ಪಟ್ಟಿಯಲ್ಲಿ 7,000 ಚಾನೆಲ್‌ಗಳಿವೆ. ಎಲ್ಲವನ್ನೂ ಒಮ್ಮೆಗೇ ಸುತ್ತಿಸಿದರೆ ಚಿಕ್ಕ ಮಾತುಗಳು ತಪ್ಪಿಹೋಗುತ್ತವೆ. 20 ಮೆಗಾಹರ್ಟ್ಸ್‌ನಂತೆ ತುಂಡು ಮಾಡಿ ಹುಡುಕಿ. ಸ್ಕ್ವೆಲ್ಚ್ ಗುಂಡಿಯನ್ನು (ಮಾತಿಲ್ಲದಾಗ ರೇಡಿಯೊದ ಬಾಯಿ ಮುಚ್ಚಿಸುವ ಗುಂಡಿ) ಗೊರಗೊರ ಶಬ್ದ ನಿಲ್ಲುವಷ್ಟೇ ತಿರುಗಿಸಿ. ಅದಕ್ಕಿಂತ ಬಿಗಿಯಾದರೆ ದೂರದ ಕ್ಷೀಣ ದನಿಗಳೇ ಮೊದಲು ಮಾಯವಾಗುತ್ತವೆ.

ಹೊಸಬರು ಇಂಧನ ತುಂಬಿಸುವ ಕೆಸಿ-135 ವಿಮಾನಗಳಿಂದ ಆರಂಭಿಸಲಿ. ಅವು ಎತ್ತರದಲ್ಲಿ ಗಂಟೆಗಟ್ಟಲೆ ಸುತ್ತುತ್ತವೆ. ನೆವಾಡಾದ ನೆಲ್ಲಿಸ್ ವಾಯುನೆಲೆಯ ರೆಡ್ ಫ್ಲ್ಯಾಗ್ ಸಮರಾಭ್ಯಾಸದಂತಹ ದಿನಗಳಲ್ಲಿ ಪಟ್ಟಿ ತುಂಬಿ ತುಳುಕುತ್ತದೆ. 2008ರಲ್ಲಿ ಭಾರತೀಯ ವಾಯುಪಡೆಯ ಸುಖೋಯ್‌ಗಳೂ ಅಲ್ಲಿ ಹಾರಿದ್ದವು. ಮಾತು ಚೂರುಚೂರಾಗಿ ಬಂದರೆ ಅದು ತರಂಗಾಂತರ ಜಿಗಿಯುವ ಹ್ಯಾವ್ ಕ್ವಿಕ್ ವ್ಯವಸ್ಥೆ ಇರಬಹುದು. ಅದರ ಬೆನ್ನು ಹತ್ತದೆ ಮುಂದಿನ ಚಾನೆಲ್‌ಗೆ ಹೋಗಿ.

ಪ್ರತಿ ಬಾರಿಯೂ ಸಮಯ, ತರಂಗಾಂತರ, ಕರೆಹೆಸರುಗಳನ್ನು ಬರೆದಿಡಿ. ಸೇನೆ ಬಳಸುವುದು ಜಾಗತಿಕ ಸಮಯವನ್ನು (ಯುಟಿಸಿ, ಅಂದರೆ ಗ್ರೀನ್‌ವಿಚ್ ಸಮಯ). ನಿಮ್ಮ ಪುಸ್ತಕದಲ್ಲೂ ಅದೇ ಇರಲಿ.