ಜೋಡಿ ಕಟ್ಟುವುದು ಹೇಗೆ? ಸಣ್ಣ ತೂಕದ ಬಾಕ್ಸರ್‌ಗಳನ್ನು ಹೋಲಿಸಿ ನೋಡುವ ದಾರಿ

ಮೈಸೂರು ದಸರಾ ಕುಸ್ತಿಗೆ ಮುಂಚೆ ‘ಜೋಡಿ ಕಟ್ಟುವ’ ಕಾರ್ಯಕ್ರಮ ನಡೆಯುತ್ತದೆ. ಪೈಲ್ವಾನರು ಬಂದು ನಿಲ್ಲುತ್ತಾರೆ. ಹಿರಿಯರು ತೂಕ ನೋಡುತ್ತಾರೆ, ಮೈಕಟ್ಟು ನೋಡುತ್ತಾರೆ, ಹಿಂದೆ ಯಾರ ಮೇಲೆ ಆಡಿದ್ದ ಅಂತ ವಿಚಾರಿಸುತ್ತಾರೆ. ಆಮೇಲೆ ಇವನಿಗೆ ಇವನು ಸರಿ ಎಂದು ಜೋಡಿ ಹಾಕುತ್ತಾರೆ. ಜೋಡಿ ತಪ್ಪಿದರೆ ಕುಸ್ತಿ ನೋಡಲು ಬಂದವರಿಗೂ ಸಪ್ಪೆ.

ಬಾಕ್ಸಿಂಗ್ ನೋಡುವವರೂ ಮನಸ್ಸಿನಲ್ಲಿ ಇದನ್ನೇ ಮಾಡುತ್ತಿರುತ್ತಾರೆ. ಅವನೂ ಇವನೂ ಎದುರಾದರೆ ಯಾರು ಗೆಲ್ಲಬಹುದು? ನಮ್ಮಲ್ಲಿ ಹೆಚ್ಚಿನವರಿಗೆ ಹೆವಿವೇಟ್ ಹೆಸರುಗಳೇ ಪರಿಚಯ. ಆದರೆ ಇವತ್ತು ಅತಿ ಚೊಕ್ಕವಾದ ಬಾಕ್ಸಿಂಗ್ ನಡೆಯುತ್ತಿರುವುದು 52ರಿಂದ 55 ಕೆ.ಜಿ. ಒಳಗೆ. ಅಲ್ಲಿನ ಮೂವರನ್ನು ಇಟ್ಟುಕೊಂಡು ಜೋಡಿ ಕಟ್ಟುವುದನ್ನು ಕಲಿಯೋಣ. ಅಮೆರಿಕದ ಸ್ಯಾನ್ ಆಂಟೋನಿಯೊ ಊರಿನ ಜೆಸ್ಸಿ ‘ಬ್ಯಾಮ್’ ರೊಡ್ರಿಗೆಜ್, ಜಪಾನಿನ ಜುಂಟೊ ನಕತಾನಿ, ಮತ್ತು ಇವರಿಬ್ಬರೂ ಒಂದು ದಿನ ಹತ್ತಬೇಕಾದ ಬೆಟ್ಟದಂತೆ ನಿಂತಿರುವ ನವೊಯಾ ಇನೊವೆ. ಲೆಕ್ಕವನ್ನು 2025ರ ಡಿಸೆಂಬರ್‌ಗೆ ನಿಲ್ಲಿಸಿದ್ದೇನೆ.

ಹೆಜ್ಜೆ 1: ಮೊದಲು ತಕ್ಕಡಿ

ಸೂಪರ್ ಫ್ಲೈವೇಟ್ ಮಿತಿ 115 ಪೌಂಡ್, ಅಂದರೆ 52.2 ಕೆ.ಜಿ. ಬ್ಯಾಂಟಮ್ 118 ಪೌಂಡ್. ಸೂಪರ್ ಬ್ಯಾಂಟಮ್ 122 ಪೌಂಡ್, ಅಂದರೆ 55.3 ಕೆ.ಜಿ. ಮೂರು ಪೌಂಡ್ ಎಂದರೆ ಒಂದೂಕಾಲು ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ. ನೂರು ಕೆ.ಜಿ. ಆಳಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. 52 ಕೆ.ಜಿ. ಹುಡುಗನಿಗೆ ಅದು ಮೈತೂಕದ ಶೇ 2.6. ಅವನು ಹೊಡೆಯುವ ಪೆಟ್ಟಿಗೂ ತಿನ್ನುವ ಪೆಟ್ಟಿಗೂ ಅದರಿಂದ ವ್ಯತ್ಯಾಸ ಬೀಳುತ್ತದೆ. ಅದಕ್ಕೇ ಸಣ್ಣ ವಿಭಾಗಗಳು ಇಷ್ಟು ಒತ್ತೊತ್ತಾಗಿವೆ.

ಈಗ ಪ್ರತಿಯೊಬ್ಬ ಬಾಕ್ಸರ್ ಯಾವ ವಿಭಾಗದಿಂದ ಎಲ್ಲಿಗೆ ಹೋದ ಎಂದು ಬರೆದುಕೊಳ್ಳಿ. ನಕತಾನಿಯದು ನೇರ ಏಣಿ: 2020ರಲ್ಲಿ 112 ಪೌಂಡ್‌ನಲ್ಲಿ ವಿಶ್ವ ಪಟ್ಟ, 2023ರಲ್ಲಿ 115, 2024ರಲ್ಲಿ 118, 2025ರ ಕೊನೆಗೆ 122. ಅವನು ಉದ್ದ ಆಳು, ಮೈ ತುಂಬಿಕೊಂಡಂತೆ ಮೇಲೆ ಹೋಗಿದ್ದಾನೆ. ಬ್ಯಾಮ್ ದಾರಿ ಬೇರೆ. 108 ಪೌಂಡ್‌ನಲ್ಲಿ ಆಡುತ್ತಿದ್ದ ಹುಡುಗ. 2022ರ ಫೆಬ್ರುವರಿಯಲ್ಲಿ, ಪಟ್ಟಕ್ಕೆ ಆಡಬೇಕಿದ್ದ ಥಾಯ್ಲೆಂಡಿನ ಶ್ರೀಸಾಕೆಟ್ ಕಾಯಿಲೆ ಬಿದ್ದಾಗ, ಕೆಲವೇ ದಿನ ಮುಂಚೆ ಒಪ್ಪಿಕೊಂಡು, 115ಕ್ಕೆ ಹಾರಿ ಕಾರ್ಲೋಸ್ ಕ್ವಾಡ್ರಾಸ್‌ನನ್ನು ಸೋಲಿಸಿ ಪಟ್ಟ ಗೆದ್ದ. ಆಗ ವಯಸ್ಸು 22. ಮರುವರ್ಷ 112ಕ್ಕೆ ಇಳಿದು ಅಲ್ಲೂ ಗೆದ್ದ, 2024ರಲ್ಲಿ ಮತ್ತೆ 115ಕ್ಕೆ ಬಂದ. ಮೇಲೆ ಹೋಗಿ ಕೆಳಗೆ ಬಂದು ಮತ್ತೆ ಮೇಲೆ ಹೋದ ಮೈ ಅದು. 118 ಅವನಿಗೆ ಸಲೀಸು ಎಂದು ನನಗೆ ಅನಿಸುತ್ತದೆ. 122 ಅಂದರೆ ಮಾತ್ರ ಯೋಚಿಸಬೇಕು.

ತೂಕ ನೋಡುವುದು ಆಟದ ಹಿಂದಿನ ದಿನ. ಆಮೇಲೆ ನೀರು, ಊಟ ಸೇರಿ ಹಲವು ಕೆ.ಜಿ. ಏರುತ್ತದೆ. ವಿಶ್ವ ಪಟ್ಟ ಕೊಡುವ ನಾಲ್ಕು ಸಂಸ್ಥೆಗಳಲ್ಲಿ ಒಂದಾದ ಐಬಿಎಫ್‌ನ ಪಟ್ಟದ ಆಟದಲ್ಲಿ ಮಾತ್ರ ಆಟದ ದಿನ ಬೆಳಿಗ್ಗೆ ಇನ್ನೊಮ್ಮೆ ತೂಗುತ್ತಾರೆ, ಮಿತಿಗಿಂತ 10 ಪೌಂಡ್ ಮೀರುವಂತಿಲ್ಲ. ತೂಕದ ದಿನದ ವಿಡಿಯೊ ತಪ್ಪದೆ ನೋಡಿ. ಕೆನ್ನೆ ಒಳಗೆ ಹೋಗಿದೆಯಾ, ತುಟಿ ಒಣಗಿದೆಯಾ, ತಕ್ಕಡಿಯಿಂದ ಇಳಿದ ತಕ್ಷಣ ಬಾಟಲಿಗೆ ಕೈ ಹಾಕುತ್ತಾನಾ? ಈ ಒಂದು ನಿಮಿಷ ಬಹಳ ಹೇಳುತ್ತದೆ.

ನಮ್ಮ ನಿಖತ್ ಜರೀನ್ ಕಥೆಯಲ್ಲೂ ಇದೇ ತಕ್ಕಡಿ ಇದೆ. 2022ರ ವಿಶ್ವ ಚಿನ್ನ 52 ಕೆ.ಜಿ.ಯಲ್ಲಿ, 2023ರದ್ದು 50ರಲ್ಲಿ, ಪ್ಯಾರಿಸ್ ಒಲಿಂಪಿಕ್ಸ್ ಕೂಡ 50ರಲ್ಲಿ. ಎರಡು ಕೆ.ಜಿ. ಅಷ್ಟೇ ಅಲ್ವಾ ಎನ್ನಬೇಡಿ. ಅಷ್ಟು ಸಣ್ಣ ಮೈಯಿಂದ ಎರಡು ಕೆ.ಜಿ. ತೆಗೆಯುವುದು ಸುಮ್ನೆ ಮಾತಲ್ಲ.

ಹೆಜ್ಜೆ 2: ದಾಖಲೆಯ ಸೊನ್ನೆಗೆ ಮರುಳಾಗಬೇಡಿ

2025ರ ಡಿಸೆಂಬರ್ 27ರ ರಾತ್ರಿ ರಿಯಾದ್‌ನಲ್ಲಿ ಇನೊವೆ ಮತ್ತು ನಕತಾನಿ ಒಂದೇ ವೇದಿಕೆಯಲ್ಲಿ ಬೇರೆ ಬೇರೆಯವರ ಜೊತೆ ಆಡಿದರು. ರಾತ್ರಿ ಮುಗಿದಾಗ ಇಬ್ಬರ ದಾಖಲೆಯೂ 32 ಗೆಲುವು, ಸೋಲು ಸೊನ್ನೆ. ಬ್ಯಾಮ್‌ಗೆ 23 ಗೆಲುವು, ಸೋಲು ಸೊನ್ನೆ. ಈ ಅಂಕಿ ಇಟ್ಟುಕೊಂಡು ಯಾರು ಮೇಲು ಎಂದು ಹೇಳಲು ಸಾಧ್ಯವೇ ಇಲ್ಲ.

ಹಾಗಾಗಿ ಪ್ರತಿ ದೊಡ್ಡ ಗೆಲುವಿನ ಮುಂದೆ ಮೂರು ವಿಷಯ ಬರೆಯಿರಿ. ಎದುರಾಳಿ ಯಾರು, ಆಗ ಅವನ ವಯಸ್ಸೆಷ್ಟು, ಎಷ್ಟು ದಿನದಿಂದ ಆಡಿರಲಿಲ್ಲ.

ಬ್ಯಾಮ್ ಪುಟ ತೆಗೆಯೋಣ. 2024ರ ಜೂನ್‌ನಲ್ಲಿ ಹುವಾನ್ ಫ್ರಾನ್ಸಿಸ್ಕೊ ಎಸ್ಟ್ರಾಡಾನನ್ನು 7ನೇ ರೌಂಡ್‌ನಲ್ಲಿ ಮಲಗಿಸಿದ. ದೊಡ್ಡ ಹೆಸರು, ದೊಡ್ಡ ಗೆಲುವು. ಆದರೆ ಎಸ್ಟ್ರಾಡಾಗೆ ಆಗ 34 ವರ್ಷ, ಹಿಂದಿನ ಆಟವಾಗಿ ಒಂದೂವರೆ ವರ್ಷವಾಗಿತ್ತು. 2022ರಲ್ಲಿ ಶ್ರೀಸಾಕೆಟ್‌ನನ್ನು ಸೋಲಿಸಿದಾಗ ಅವನಿಗೂ 35. ಈಗ 2023ರ ಡಿಸೆಂಬರ್ ನೋಡಿ. ಎದುರಿಗೆ ಸನ್ನಿ ಎಡ್ವರ್ಡ್ಸ್. 27 ವರ್ಷ, ಅಜೇಯ, ಹೊಡೆತಕ್ಕೆ ಸಿಗದೆ ಓಡಾಡುವುದರಲ್ಲಿ ನಿಪುಣ. ಬ್ಯಾಮ್ ಅವನ ದಾರಿಗಳನ್ನು ಒಂದೊಂದಾಗಿ ಮುಚ್ಚುತ್ತಾ ಬಂದ. 9ನೇ ರೌಂಡ್‌ನಲ್ಲಿ ಎಡ್ವರ್ಡ್ಸ್ ಕೆಳಗೆ ಬಿದ್ದ, ರೌಂಡ್ ಮುಗಿದ ಮೇಲೆ ಅವನ ಕಡೆಯವರೇ ಆಟ ನಿಲ್ಲಿಸಿದರು. ಎಸ್ಟ್ರಾಡಾ ಹೆಸರು ದೊಡ್ಡದಿರಬಹುದು, ನನ್ನ ಲೆಕ್ಕದಲ್ಲಿ ಎಡ್ವರ್ಡ್ಸ್ ಮೇಲಿನ ಗೆಲುವಿನ ಬೆಲೆ ಜಾಸ್ತಿ.

ಹೆಸರು ಮಾಡಿದ ಹೊಸಬರ ವಿಷಯದಲ್ಲಿ ಆಡಿದ ಆಟಗಳನ್ನೂ ಎಣಿಸಿ. ಟೆನ್‌ಶಿನ್ ನಸುಕಾವಾ ಕಿಕ್‌ಬಾಕ್ಸಿಂಗ್‌ನ ದೊಡ್ಡ ತಾರೆ. ಬಾಕ್ಸಿಂಗ್‌ಗೆ ಬಂದು ಏಳು ಗೆದ್ದ. ಎಂಟನೆಯದು 2025ರ ನವೆಂಬರ್‌ನಲ್ಲಿ, ಬ್ಯಾಂಟಮ್ ಪಟ್ಟಕ್ಕೆ, ನವೊಯಾನ ತಮ್ಮ ಟಕುಮಾ ಇನೊವೆ ಮೇಲೆ. ಶುರುವಿನಲ್ಲಿ ಟೆನ್‌ಶಿನ್ ವೇಗ ಕಣ್ಣು ಕುಕ್ಕಿತು. ಟಕುಮಾ ನಿಧಾನವಾಗಿ ಆಟ ಬದಲಿಸಿ 12 ರೌಂಡ್ ಮುಗಿಸಿ ಅಂಕದ ಮೇಲೆ ಗೆದ್ದ.

ಹೆಜ್ಜೆ 3: ಕೈ ಬಿಡಿ, ಕಾಲು ನೋಡಿ

ಜಪಾನಿನ ಆಟ ನಮಗೆ ಸಂಜೆ ಹೊತ್ತಿಗೆ ಬರುತ್ತದೆ, ಅಮೆರಿಕದ್ದು ಭಾನುವಾರ ಬೆಳಿಗ್ಗೆ ಕಾಫಿ ಹೊತ್ತಿಗೆ. ಮೊದಲ ಸಲ ಖುಷಿಗೆ ನೋಡಿ. ಎರಡನೇ ಸಲ ಸದ್ದು ಪೂರ್ತಿ ತೆಗೆದು, ಸೊಂಟದಿಂದ ಕೆಳಗೆ ಮಾತ್ರ ನೋಡಿ. ಕಾಮೆಂಟರಿ ಇಲ್ಲದಿದ್ದರೆ ಬೇರೆಯದೇ ಆಟ ಕಾಣುತ್ತದೆ.

ಬಲಗೈ ಬಾಕ್ಸರ್‌ಗೆ ಎಡಗಾಲು ಮುಂದೆ. ಎಡಗೈ ಬಾಕ್ಸರ್, ಅಂದರೆ ಸೌತ್‌ಪಾಗೆ ಬಲಗಾಲು ಮುಂದೆ. ಇವರಿಬ್ಬರು ಎದುರಾದಾಗ ಮುಂದಿನ ಪಾದಗಳು ಅಕ್ಕಪಕ್ಕ ಬಂದು ತಾಗುತ್ತವೆ. ಯಾರ ಪಾದ ಹೊರಗಿದೆಯೋ ಅವರ ಹಿಂದಿನ ಕೈಗೆ ನೇರ ದಾರಿ. ಬ್ಯಾಮ್ ಸೌತ್‌ಪಾ. ಹೊಡೆದ ಕೂಡಲೇ ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟು ಎದುರಾಳಿಯ ಭುಜದ ಬದಿಯಲ್ಲಿ ನಿಂತಿರುತ್ತಾನೆ. ಎದುರಾಳಿ ತಿರುಗುವಷ್ಟರಲ್ಲಿ ಇನ್ನೆರಡು ಬಿದ್ದಿರುತ್ತವೆ.

ನಕತಾನಿಯೂ ಸೌತ್‌ಪಾ. ಇಬ್ಬರು ಎಡಗೈಯವರು ಎದುರಾದರೆ ಈ ಪಾದದ ಜಗಳವೇ ಇರುವುದಿಲ್ಲ, ಬ್ಯಾಮ್‌ನ ಪಕ್ಕದ ಹೆಜ್ಜೆಯ ಆಟ ಹೊಸದಾಗಿ ಹೊಂದಿಸಿಕೊಳ್ಳಬೇಕು. ಹಾಗಾದರೆ ಯಾವ ವಿಡಿಯೊ ನೋಡಬೇಕು? ಎಸ್ಟ್ರಾಡಾದ್ದಲ್ಲ, ಶ್ರೀಸಾಕೆಟ್‌ದು. ಯಾಕೆಂದರೆ ಅವನು ಎಡಗೈಯವನು. ನಕತಾನಿ ಕಡೆಯಿಂದ 2025ರ ಜೂನ್‌ನಲ್ಲಿ ಆಡಿದ ರ‍್ಯೊಸುಕೆ ನಿಶಿದಾ ಆಟ ನೋಡಿ, ನಿಶಿದಾ ಕೂಡ ಸೌತ್‌ಪಾ. ಜೋಡಿ ಕಟ್ಟುವಾಗ ಸರಿಯಾದ ವಿಡಿಯೊ ಆರಿಸುವುದೇ ಅರ್ಧ ಕೆಲಸ.

ಕೈ ಉದ್ದ ಇದ್ದವನೇ ದೂರದಿಂದ ಗೆಲ್ಲುತ್ತಾನೆ ಎನ್ನುವ ಲೆಕ್ಕವೂ ಪೂರ್ತಿ ಸರಿಯಲ್ಲ. 2023ರ ಜುಲೈನಲ್ಲಿ ಇನೊವೆ ಮೊದಲ ಸಲ 122 ಪೌಂಡ್‌ಗೆ ಬಂದಾಗ ಎದುರಿಗೆ ಸ್ಟೀಫನ್ ಫುಲ್ಟನ್. ಎತ್ತರದಲ್ಲೂ ಕೈ ಉದ್ದದಲ್ಲೂ ಫುಲ್ಟನ್ ಮುಂದೆ. ಆದರೂ ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಹೊಡೆತದ ಆಟದಲ್ಲಿ ಗೆದ್ದವನು ಇನೊವೆ. 8ನೇ ರೌಂಡ್ ನಿಧಾನ ಗತಿಯಲ್ಲಿ ಹಾಕಿ ನೋಡಿ. ಇನೊವೆ ಮಂಡಿ ಬಾಗಿಸಿ ಹೊಟ್ಟೆಗೆ ಒಂದು ಜ್ಯಾಬ್ ಕಳಿಸುತ್ತಾನೆ. ಫುಲ್ಟನ್ ಕಣ್ಣೂ ಕೈಯೂ ಕೆಳಗೆ ಹೋಗುತ್ತವೆ. ಅದೇ ಉಸಿರಿನಲ್ಲಿ ಬಲಗೈ ಮುಖಕ್ಕೆ ಬಂದಿರುತ್ತದೆ. ಆಟ ಅಲ್ಲಿಗೇ ಮುರಿಯಿತು.

ಹೆಜ್ಜೆ 4: ಕಷ್ಟದ ರೌಂಡ್ ಹುಡುಕಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಗೆದ್ದ ರೌಂಡ್‌ಗಳಲ್ಲಿ ಎಲ್ಲರೂ ಚೆನ್ನಾಗಿಯೇ ಕಾಣುತ್ತಾರೆ. ಪೆಟ್ಟು ತಿಂದ ಮೇಲಿನ ಮೂರು ನಿಮಿಷದಲ್ಲಿ ಏನು ಮಾಡಿದ?

ಇನೊವೆಯನ್ನೇ ನೋಡಿ. 2019ರ ನವೆಂಬರ್‌ನಲ್ಲಿ ನೊನಿಟೊ ಡೊನೇರ್‌ನ ಎಡ ಹುಕ್, ಅಂದರೆ ಬದಿಯಿಂದ ಬಾಗಿ ಬರುವ ಎಡಗೈ ಹೊಡೆತ, ಬಿದ್ದು ಬಲಗಣ್ಣಿನ ಗೂಡಿನ ಮೂಳೆ ಮುರಿಯಿತು. 2024ರ ಮೇ ತಿಂಗಳಲ್ಲಿ ಟೋಕಿಯೊ ಡೋಮ್‌ನಲ್ಲಿ ಲೂಯಿಸ್ ನೆರಿ ಮೊದಲ ರೌಂಡ್‌ನಲ್ಲೇ ಅವನನ್ನು ಕೆಡವಿದ, ಅದೂ ಎಡ ಹುಕ್. ಅವನು ವೃತ್ತಿ ಬದುಕಿನಲ್ಲಿ ಕೆಳಗೆ ಬಿದ್ದದ್ದು ಅದೇ ಮೊದಲು. ಮರುವರ್ಷ ಲಾಸ್ ವೇಗಸ್‌ನಲ್ಲಿ ರಮೋನ್ ಕಾರ್ಡೆನಾಸ್ 2ನೇ ರೌಂಡ್‌ನಲ್ಲಿ ಮತ್ತೆ ಕೆಡವಿದ, ಮತ್ತೆ ಎಡ ಹುಕ್. ಮೂರೂ ಸಲ ಎದುರಾಳಿಯ ಎಡಗೈ, ಮೂರೂ ಸಲ ಮೊದಲ ಎರಡು ರೌಂಡ್ ಒಳಗೆ. ಇಂಥ ಸಾಲು ಕಂಡಾಗ ಅಡಿಗೆರೆ ಹಾಕಿ. ಜೊತೆಗೆ ಇನ್ನೊಂದು ಸಾಲನ್ನೂ ಬರೆಯಿರಿ: ಮೂರೂ ಸಲ ಚೇತರಿಸಿಕೊಂಡು ಗೆದ್ದ. ಆಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಉಜ್ಬೆಕಿಸ್ತಾನದ ಅಖ್ಮದಲಿಯೆವ್ ಎದುರು ಆಟವನ್ನೇ ಬದಲಿಸಿದ. ನಾಕೌಟ್‌ಗೆ ಆತುರಪಡಲಿಲ್ಲ. ಒಳಗೆ ಬಂದು, ಹೊಡೆದು, ಹೊರಗೆ ಹೋಗಿ, 12 ರೌಂಡ್ ಶಿಸ್ತಾಗಿ ಆಡಿ ಅಂಕದ ಮೇಲೆ ಗೆದ್ದ. 32ನೇ ವಯಸ್ಸಿನಲ್ಲೂ ಕಲಿಯುತ್ತಿದ್ದಾನಲ್ಲ ಎಂದು ನನಗೆ ಆ ದಿನ ಅವನ ಮೇಲೆ ಗೌರವ ಇನ್ನೂ ಹೆಚ್ಚಿತು.

ಬ್ಯಾಮ್‌ನ ಕಷ್ಟದ ರೌಂಡ್ ಎಸ್ಟ್ರಾಡಾ ಎದುರಿನ 6ನೆಯದು. ಬಲಗೈ ಹೊಡೆತಕ್ಕೆ ಕೆಳಗೆ ಬಿದ್ದ. ಗಾಬರಿಯಾಗಲಿಲ್ಲ. ಮುಂದಿನ ರೌಂಡ್‌ನಲ್ಲೇ ಪಕ್ಕೆಗೆ ಎಡಗೈ ಇಳಿಸಿ ಆಟ ಮುಗಿಸಿದ. ನಕತಾನಿಗೆ ಅಂಥ ರಾತ್ರಿ ಬಂದದ್ದು ರಿಯಾದ್‌ನಲ್ಲಿ. ಸೆಬಾಸ್ಟಿಯನ್ ಹೆರ್ನಾಂಡೆಜ್ ಬಿಡುವೇ ಕೊಡದೆ ಮೈಮೇಲೆ ಬಂದ. ನಕತಾನಿಯ ಉದ್ದ ಕೈಗೆ ಜಾಗವೇ ಸಿಗಲಿಲ್ಲ. ಗೆದ್ದ, ಆದರೆ ಇಬ್ಬರು ತೀರ್ಪುಗಾರರ ಅಂಕ 115-113, ಅಂದರೆ ಎರಡೇ ಅಂಕದ ಅಂತರ.

ಹೆಜ್ಜೆ 5: ಕಾಗದದ ತೊಡಕು

ಇದನ್ನು ಬೇಗ ಮುಗಿಸೋಣ. ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ ಎಂದು ನಾಲ್ಕು ಸಂಸ್ಥೆಗಳಿವೆ. ಪ್ರತಿಯೊಂದೂ ತನ್ನ ಸರದಿಯ ಎದುರಾಳಿಯನ್ನು ಮುಂದೆ ನಿಲ್ಲಿಸುತ್ತದೆ. ಆಟ ಏರ್ಪಡಿಸುವ ಪ್ರವರ್ತಕರೂ ಬೇರೆ ಬೇರೆ. ಆದ್ದರಿಂದ ಒಳ್ಳೆಯ ಜೋಡಿ ಎಂದ ಮಾತ್ರಕ್ಕೆ ಆಟ ನಡೆಯುವುದಿಲ್ಲ. ಬಾಕ್ಸರ್‌ಗಳೇ ಬಾಯಿಬಿಟ್ಟು ಕೇಳಿದರೆ ಕೆಲಸ ಸ್ವಲ್ಪ ಹಗುರವಾಗುತ್ತದೆ. 2025ರ ಮಾರ್ಚ್‌ನಲ್ಲಿ ಜಪಾನ್ ಬಾಕ್ಸಿಂಗ್ ಪ್ರಶಸ್ತಿ ಸಮಾರಂಭದಲ್ಲಿ ಇನೊವೆ ಎಲ್ಲರೆದುರು ನಕತಾನಿಯನ್ನು ಕರೆದು, ವರ್ಷ ಕಳೆದ ಮೇಲೆ ಟೋಕಿಯೊ ಡೋಮ್‌ನಲ್ಲಿ ಆಡೋಣ ಎಂದ. ಇಬ್ಬರೂ ಕೈ ಕುಲುಕಿದರು. ನಮ್ಮ ಜೋಡಿ ಕಟ್ಟುವ ದೃಶ್ಯವೇ ಅದು.

ಹೆಜ್ಜೆ 6: ಒಂದು ಪುಟ, ಪೆನ್ನಿನಲ್ಲಿ

ಆಟಕ್ಕೆ ಮುಂಚೆಯೇ ತಾರೀಕು ಹಾಕಿ, ಪೆನ್ಸಿಲ್ ಬೇಡ, ಪೆನ್ನಿನಲ್ಲಿ ಬರೆಯಿರಿ. ಯಾವ ತೂಕ, ಯಾರು ಗೆಲ್ಲುತ್ತಾರೆ, ಹೇಗೆ, ಯಾವ ರೌಂಡ್‌ನಿಂದ. ನನ್ನ ಪುಟ ಹೀಗಿದೆ.

ಬ್ಯಾಮ್ ಮತ್ತು ಟಕುಮಾ ಇನೊವೆ, 118 ಪೌಂಡ್: ಬ್ಯಾಮ್. ಟಕುಮಾ ಬಲಗೈಯವನು, ಪಕ್ಕದ ಹೆಜ್ಜೆಗೆ ದಾರಿ ಇದೆ. ಕೊನೆಯ ಮೂರು ರೌಂಡ್‌ಗಳಲ್ಲಿ ನಾಕೌಟ್ ಆಗಬಹುದು.

ಬ್ಯಾಮ್ ಮತ್ತು ನಕತಾನಿ: 118ರಲ್ಲಿ ಆಗಿದ್ದರೆ ಬ್ಯಾಮ್ ಎನ್ನುತ್ತಿದ್ದೆ. ಹೆರ್ನಾಂಡೆಜ್ ನೇರವಾಗಿ ನುಗ್ಗಿಯೇ ಅಷ್ಟು ಕಾಡಿದ. ಬ್ಯಾಮ್‌ನಂತೆ ಪಕ್ಕದಿಂದ ನುಗ್ಗುವವನು ಇನ್ನೂ ಜಾಸ್ತಿ ಕಾಡುತ್ತಾನೆ. ಆದರೆ ನಕತಾನಿ 118 ಬಿಟ್ಟಾಗಿದೆ. 122ರಲ್ಲಾದರೆ ಎತ್ತರ, ತೂಕ ಎರಡೂ ಅವನ ಕಡೆ. ನಕತಾನಿ, ಅಂಕದ ಮೇಲೆ.

ಇನೊವೆ ಮತ್ತು ನಕತಾನಿ, 122 ಪೌಂಡ್: ಈ ಪುಟದಲ್ಲಿ ಎರಡು ಸಲ ಬರೆದು ಎರಡು ಸಲ ಹೊಡೆದುಹಾಕಿದ್ದೇನೆ. ಅಡಿಗೆರೆ ಹಾಕಿದ ಸಾಲಿನಲ್ಲಿರುವುದು ಎಡಗೈ, ಮೊದಲ ಎರಡು ರೌಂಡ್. ನಕತಾನಿಯ ಬಲವೂ ಎಡಗೈ. 2024ರ ಜುಲೈನಲ್ಲಿ ಎದುರಾಳಿ ಆಸ್ಟ್ರೊಲಾಬಿಯೊ ಹೊಟ್ಟೆಗೆ ಅದನ್ನು ಇಳಿಸಿ ಮೊದಲ ರೌಂಡ್‌ನಲ್ಲೇ ಮುಗಿಸಿದವನು ಅವನು. ಅಖ್ಮದಲಿಯೆವ್ ಎದುರು ಆಡಿದ ಇನೊವೆ ಬಂದರೆ ಇನೊವೆ, ಅಂಕದ ಮೇಲೆ, 5ನೇ ರೌಂಡ್‌ನಿಂದ ಮುಂದೆ ಹಿಡಿತ. ಕಾರ್ಡೆನಾಸ್ ಎದುರು ಆತುರಪಟ್ಟ ಇನೊವೆ ಬಂದರೆ ಮೊದಲ ಆರು ನಿಮಿಷ ನಾನು ಕುರ್ಚಿಯಲ್ಲಿ ಕೂರುವುದಿಲ್ಲ.