ಎಂಜಿನ್ ಬಿಚ್ಚಿಸುವ ಮೊದಲು ಕಂಪ್ರೆಷನ್ ಅಳೆಯಿರಿ

ಪಿಕಪ್ ಕುಸಿದಿದೆ, ನಿಂತಲ್ಲೇ ಕಾರು ನಡುಗುತ್ತದೆ, ಹೊಸ ಪ್ಲಗ್ ಹಾಕಿಸಿದರೂ ಮಿಸ್ಸಿಂಗ್ ಹೋಗಿಲ್ಲ. ಇಂಥ ಹೊತ್ತಿನಲ್ಲಿ ಒಂದೊಂದೇ ಬಿಡಿಭಾಗ ಬದಲಿಸುತ್ತ ದುಡ್ಡು ಸುರಿಯುವುದಕ್ಕಿಂತ ಪ್ರತಿ ಸಿಲಿಂಡರ್ ಗಾಳಿಯನ್ನು ಎಷ್ಟು ಬಿಗಿಯಾಗಿ ಹಿಡಿದಿಡುತ್ತಿದೆ ಎಂದು, ಅಂದರೆ ಅದರ ಕಂಪ್ರೆಷನ್ ಎಷ್ಟೆಂದು, ಅಳೆದು ನೋಡುವುದು ಮೇಲು. ಕಂಪ್ರೆಷನ್ ಗೇಜ್, ಪ್ಲಗ್ ಸಾಕೆಟ್, ಟಾರ್ಕ್ ರೆಂಚ್ ಮತ್ತು ಕೀಲಿ ತಿರುಗಿಸಲು ಜೊತೆಗೊಬ್ಬರು ಇದ್ದರೆ ಮನೆಯಲ್ಲೇ ಆಗುವ ಕೆಲಸ.

ಇಲ್ಲಿ ಹೇಳುತ್ತಿರುವುದು ಪೆಟ್ರೋಲ್ ಎಂಜಿನ್‌ಗೆ ಮಾತ್ರ. ಡೀಸೆಲ್ ಎಂಜಿನ್‌ನ ಒತ್ತಡ ಇದರ ಎರಡು-ಮೂರು ಪಟ್ಟು. ಪೆಟ್ರೋಲ್ ಗೇಜ್ ಅದನ್ನು ತಾಳದು. ಹೈಬ್ರಿಡ್ ಕಾರಿನಲ್ಲಿ ಹೈವೋಲ್ಟೇಜ್ ತಂತಿಗಳಿರುತ್ತವೆ, ಎಂಜಿನ್ ತಿರುಗುವ ಬಗೆಯೂ ಬೇರೆ. ಇವೆರಡನ್ನೂ ತಿಳಿದ ಮೆಕ್ಯಾನಿಕ್‌ಗೇ ಬಿಡಿ.

ಸಿದ್ಧತೆಯಲ್ಲಿ ಅವಸರ ಬೇಡ

ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ. ಸ್ಟಾರ್ಟರ್ ಸುಸ್ತಾದರೆ ಕೊನೆಯ ಸಿಲಿಂಡರ್‌ಗಳ ಅಂಕಿ ಸುಮ್ಮನೆ ಕಡಿಮೆ ಬರುತ್ತದೆ, ಇಲ್ಲದ ರೋಗ ಕಾಣುತ್ತದೆ. ಎಂಜಿನ್ ಮಾಮೂಲಿ ಬಿಸಿಗೆ ಬರುವವರೆಗೆ ಓಡಿಸಿ, ಆರಿಸಿ, ಕೈಗೆ ತಾಳುವಷ್ಟು ಆರಲು ಬಿಡಿ. ಸುಡುವ ಅಲ್ಯೂಮಿನಿಯಂ ಹೆಡ್‌ನಿಂದ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಪ್ಲಗ್ ಬಿಚ್ಚಿದರೆ ಥ್ರೆಡ್ ಕಿತ್ತುಹೋಗಬಹುದು. ಆ ನಷ್ಟದ ಮುಂದೆ ಒಂದಿಷ್ಟು ಹೊತ್ತು ಕಾಯುವುದು ಏನೂ ಅಲ್ಲ.

ಗಾಡಿ ನ್ಯೂಟ್ರಲ್‌ನಲ್ಲಿರಲಿ, ಆಟೊಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದಿರಿ. ಫ್ಯೂಯಲ್ ಪಂಪಿನ ಫ್ಯೂಸ್ ಅಥವಾ ರಿಲೇ ತೆಗೆಯಿರಿ, ಇಂಜೆಕ್ಟರ್ ಮತ್ತು ಇಗ್ನಿಷನ್ ಕಾಯಿಲ್‌ಗಳ ಕನೆಕ್ಟರ್ ಬಿಡಿಸಿ. ಬಾನೆಟ್ ಕೆಳಗೆ ಪೆಟ್ರೋಲ್ ಆವಿಯೂ ಕಿಡಿಯೂ ಒಟ್ಟಿಗೆ ಇರಕೂಡದು. ಆಮೇಲೆ ಪ್ಲಗ್ ಸುತ್ತಲಿನ ಧೂಳನ್ನು ಗಾಳಿ ಹೊಡೆದು ತೆಗೆಯಿರಿ. ಒಳಗೆ ಬಿದ್ದ ಮರಳಿನ ಕಣ ಸಿಲಿಂಡರ್ ಗೋಡೆಯನ್ನು ಗೀರುತ್ತದೆ. ಎಲ್ಲ ಪ್ಲಗ್‌ಗಳನ್ನೂ ಬಿಚ್ಚಿ, ಯಾವುದು ಯಾವ ಸಿಲಿಂಡರಿನದು ಎಂದು ಗೊತ್ತಾಗುವಂತೆ ಸಾಲಾಗಿ ಇಡಿ. ಯಾವುದಾದರೂ ಎಣ್ಣೆಯಲ್ಲಿ ತೊಯ್ದಿದ್ದರೆ ಆ ಸಿಲಿಂಡರ್ ಮೇಲೆ ಈಗಲೇ ಕಣ್ಣಿಡಿ.

ಅಳತೆ

ಗೇಜಿನ ಪೈಪನ್ನು ಪ್ಲಗ್ ತೂತಿಗೆ ಕೈಯಿಂದಲೇ ತಿರುಗಿಸಿ ಕೂರಿಸಿ, ರೆಂಚ್ ಹಾಕಬೇಡಿ. ಜೊತೆಯವರು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಕೀಲಿ ತಿರುಗಿಸಲಿ. ಇದನ್ನು ಮರೆಯುವವರೇ ಬಹಳ. ಎಂಜಿನ್‌ಗೆ ಗಾಳಿ ಬಿಡುವ ಬಾಗಿಲಾದ ಥ್ರಾಟಲ್ ಮುಚ್ಚಿದ್ದರೆ ಗಾಳಿ ಸಾಕಷ್ಟು ಒಳಬರುವುದಿಲ್ಲ, ಒಳ್ಳೆಯ ಎಂಜಿನ್ ಕೂಡ ಸತ್ತಂತೆ ತೋರುತ್ತದೆ. ನಿಮ್ಮ ಕೈ, ಬಟ್ಟೆ ಬೆಲ್ಟ್‌ಗಳಿಂದ ದೂರವಿರಲಿ.

ಮುಳ್ಳು ಪ್ರತಿ ಒತ್ತಿಗೂ ಜಿಗಿಯುತ್ತದೆ. 5-6 ಜಿಗಿತದ ನಂತರ ನಿಲ್ಲುವ ಅಂಕಿಯನ್ನು ಬರೆದುಕೊಳ್ಳಿ, ಮೊದಲ ಜಿಗಿತ ಎಲ್ಲಿಗೆ ಮುಟ್ಟಿತೆಂಬುದನ್ನೂ ಬರೆಯಿರಿ. ಗೇಜಿನ ಗಾಳಿ ಬಿಟ್ಟು ಮುಂದಿನದಕ್ಕೆ ಹೋಗಿ. ಎಲ್ಲ ಸಿಲಿಂಡರಿಗೂ ಅಷ್ಟೇ ಜಿಗಿತ ಕೊಡಿ.

ಅಂಕಿ ಏನು ಹೇಳುತ್ತದೆ?

ಬಹುತೇಕ ಪೆಟ್ರೋಲ್ ಎಂಜಿನ್‌ಗಳು 125ರಿಂದ 200 ಪಿಎಸ್‌ಐ (ಒತ್ತಡದ ಅಳತೆ) ಒಳಗೆ ತೋರಿಸುತ್ತವೆ. ನಿಮ್ಮ ಗಾಡಿಗೆ ಎಷ್ಟಿರಬೇಕೆಂಬುದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿದೆ. ಆದರೆ ನನ್ನ ಮಟ್ಟಿಗೆ ಒಟ್ಟು ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ಅಂತರವೇ ಹೆಚ್ಚು ನಂಬಿಕೆಯ ಸಾಕ್ಷಿ. ಎತ್ತರದ ಊರಿನಲ್ಲಿ ಗಾಳಿ ತೆಳುವಾಗಿ ಎಲ್ಲವೂ ಕಡಿಮೆ ಬರಬಹುದು, ಗೇಜುಗಳೂ ಒಂದೇ ತರಹ ಇರುವುದಿಲ್ಲ. ಅಂತರ ಮಾತ್ರ ಸುಲಭಕ್ಕೆ ಮೋಸ ಮಾಡದು. 170, 168, 172ರ ನಡುವೆ ಒಂದು 115 ಕಂಡರೆ ತೊಂದರೆ ಅಲ್ಲೇ ಇದೆ. ಶೇ 10ರೊಳಗಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅಕ್ಕಪಕ್ಕದ ಎರಡೂ ಕುಸಿದಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕ್ ನಡುವೆ ಸೋರಿಕೆ ತಡೆಯುವ ಪದರ) ಹೋಗಿರುವ ಶಂಕೆ ಬಲವಾಗುತ್ತದೆ. ಎಲ್ಲವೂ ಸಮನಾಗಿ ಕಡಿಮೆಯಾದರೆ ಮೊದಲು ಥ್ರಾಟಲ್, ಬ್ಯಾಟರಿ ನೋಡಿ. ಆಮೇಲೆ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಬೆಲ್ಟ್ ಅಥವಾ ಚೈನ್ ಜಾರಿದೆಯೇ ಎಂದು ಪರೀಕ್ಷಿಸಿ.

ಕಡಿಮೆ ಬಂದ ಸಿಲಿಂಡರಿಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಎಣ್ಣೆ ಪಿಸ್ಟನ್ ರಿಂಗಿನ ಸಂದನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ಅಂಕಿ ಚೆನ್ನಾಗಿ ಏರಿದರೆ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆ ನೋಡಬೇಕು. ಬರೆದಿಟ್ಟ ಮೊದಲ ಜಿಗಿತ ಇಲ್ಲಿ ನೆರವಿಗೆ ಬರುತ್ತದೆ: ಕೆಳಗೆ ಶುರುವಾಗಿ ಮೆಲ್ಲಗೆ ಮೇಲೇರುತ್ತ ಹೋದದ್ದು ಸಾಮಾನ್ಯವಾಗಿ ರಿಂಗ್ ದೋಷ, ಕೆಳಗೇ ಶುರುವಾಗಿ ಕೆಳಗೇ ಉಳಿದದ್ದು ವಾಲ್ವ್ ದೋಷ.

ಇನ್ನೂ ಖಚಿತವಾಗಬೇಕೆಂದರೆ ಗ್ಯಾರೇಜಿನಲ್ಲಿ ಲೀಕ್‌ಡೌನ್ ಪರೀಕ್ಷೆ ಮಾಡಿಸಿ. ಸಿಲಿಂಡರಿಗೆ ಕಂಪ್ರೆಸರ್ ಗಾಳಿ ಕೊಟ್ಟಾಗ ಸೈಲೆನ್ಸರಿನಲ್ಲಿ ಸದ್ದು ಬಂದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಮುಚ್ಚಳದಲ್ಲಿ ಬಂದರೆ ರಿಂಗ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ಮರಳಿ ಜೋಡಿಸುವಾಗ ಪ್ಲಗ್‌ಗಳನ್ನು ಮೊದಲು ಕೈಯಿಂದ ತಿರುಗಿಸಿ ಕೂರಿಸಿ, ಮ್ಯಾನ್ಯುಯಲ್ ಹೇಳುವ ಟಾರ್ಕ್‌ಗೆ ಬಿಗಿ ಮಾಡಿ. ಕನೆಕ್ಟರ್, ಫ್ಯೂಸ್ ಎಲ್ಲ ಸ್ವಸ್ಥಾನ ಸೇರಲಿ. ಆಯಿಲ್ ಹಾಕಿದ್ದರೆ ಸ್ಟಾರ್ಟ್ ಆದ ಮೇಲೆ ಸ್ವಲ್ಪ ಹೊತ್ತು ನೀಲಿ ಹೊಗೆ ಬರುತ್ತದೆ. ನೀವು ಹಾಕಿದ ಎಣ್ಣೆಯೇ ಉರಿಯುತ್ತಿರುವುದು, ಗಾಬರಿ ಬೇಡ.