ಚೆಂಡು ನಿಮ್ಮ ಮಾತು ಕೇಳಬೇಕಾ? ಟಿಟಿ ರಬ್ಬರ್ ಆರಿಸುವುದು ಹೀಗೆ

ಟೇಬಲ್ ಟೆನಿಸ್ ಆಡುವವರು ಎಡವುವುದು ಮೊದಲ ಬ್ಯಾಟಿನಲ್ಲಿ ಅಲ್ಲ, ಎರಡನೆಯದರಲ್ಲಿ. ಮೊದಲನೆಯದು ಅಂಗಡಿಯಲ್ಲಿ ರೆಡಿಮೇಡ್ ಸಿಕ್ಕಿದ್ದು. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲೋ ಆಫೀಸಿನ ಊಟದ ಬಿಡುವಿನಲ್ಲೋ ಅದರಲ್ಲೇ ಆಡಿ ಆಡಿ ಕೈ ಕುದುರಿರುತ್ತದೆ. ಆಮೇಲೆ ಯಾರೋ ಒಬ್ಬರು, ನಿನ್ನ ಬ್ಯಾಟಿನ ಮೇಲಿನ ರಬ್ಬರ್ ಸತ್ತೇ ಹೋಗಿದೆ ಮಾರಾಯ, ಬೇರೆ ಹಾಕಿಸು ಅನ್ನುತ್ತಾರೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ದೊಡ್ಡ ಆಟಗಾರರು ಬಳಸುವ ರಬ್ಬರೇ ಮೊದಲು ಕಣ್ಣಿಗೆ ಬೀಳುತ್ತದೆ. ಸರಿ, ಐದಾರು ಸಾವಿರ ಕೊಟ್ಟು ಅದನ್ನೇ ತರಿಸುತ್ತಾರೆ, ಮಾರನೇ ದಿನ ಸುಮ್ನೆ ಪುಶ್ ಮಾಡಿದ, ಅಂದರೆ ಮೆಲ್ಲಗೆ ತಳ್ಳಿದ ಚೆಂಡೂ ಟೇಬಲ್ ದಾಟಿ ಗೋಡೆಗೆ ಹೋಗಿ ಬಡಿಯುತ್ತದೆ.

ಕಂಟ್ರೋಲ್ ಅಂದರೆ ನಿಧಾನ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಪೂರ್ತಿ ನಿಜ ಅಲ್ಲ. ಒಂದೇ ಥರ ಹೊಡೆದರೆ ಚೆಂಡು ಪ್ರತಿ ಸಲ ಒಂದೇ ಥರ ಹೋಗಬೇಕು, ಕಂಟ್ರೋಲ್ ಅಂದರೆ ಅಷ್ಟೇ. ತೀರಾ ಜಡ ರಬ್ಬರ್ ಹಾಕಿದರೆ ಚೆಂಡು ಆಚೆ ಕಡೆ ತಲುಪಿಸಲು ಜೋರಾಗಿ ಬೀಸಬೇಕಾಗುತ್ತದೆ, ಜೋರಾಗಿ ಬೀಸಿದಷ್ಟೂ ಗುರಿ ತಪ್ಪುತ್ತದೆ. ಹಾಗಾಗಿ ನಿಮ್ಮ ಕೈಯ ವೇಗಕ್ಕೆ ಹೊಂದುವ ರಬ್ಬರ್ ಹುಡುಕಬೇಕು. ಚೆಂಡು ರಬ್ಬರಿಗೆ ತಾಗಿರುವುದು ಸುಮಾರು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗ ಮಾತ್ರ. ಅಷ್ಟರೊಳಗೆ ಕೈ ಏನೂ ತಿದ್ದಲು ಆಗುವುದಿಲ್ಲ, ಆ ಹೊತ್ತಿನಲ್ಲಿ ಏನಾಗಬೇಕೋ ಅದನ್ನು ರಬ್ಬರೇ ಮಾಡುತ್ತದೆ.

ಮೊದಲು ತಪ್ಪು ಎಲ್ಲಿ ಆಗುತ್ತಿದೆ ನೋಡಿ

ಅಂಗಡಿಗೆ ಹೋಗುವ ಮೊದಲು ಎರಡು ಮೂರು ದಿನ ಆಡುವಾಗ ಒಂದು ಕೆಲಸ ಮಾಡಿ. ಪಾಯಿಂಟ್ ಹೋದಾಗೆಲ್ಲ ಚೆಂಡು ನೆಟ್ಟಿಗೆ ಬಿತ್ತಾ, ಟೇಬಲ್ ದಾಟಿತಾ, ಅದು ಯಾವ ಹೊಡೆತದಲ್ಲಿ ಅಂತ ನೆನಪಿಟ್ಟುಕೊಳ್ಳಿ. ಫೋನಿನಲ್ಲಿ ವಿಡಿಯೋ ಮಾಡಿದರೆ ಇನ್ನೂ ಒಳ್ಳೆಯದು. ಬ್ಲಾಕ್ ಮಾಡುವಾಗ, ಅಂದರೆ ಜೋರಾಗಿ ಬಂದದ್ದಕ್ಕೆ ಬ್ಯಾಟ್ ಅಡ್ಡ ಹಿಡಿದಾಗ, ಚೆಂಡು ಉದ್ದ ಹೋಗುತ್ತಿದ್ದರೆ ರಬ್ಬರ್ ನಿಮಗೆ ಜಾಸ್ತಿ ಚಿಮ್ಮುತ್ತಿದೆ ಅಂತ ಅರ್ಥ. ಸರ್ವ್ ರಿಸೀವ್ ಮಾಡುವಾಗ ಚೆಂಡು ಎದ್ದು ನಿಲ್ಲುತ್ತಿದ್ದರೆ ಹಿಡಿತ ಜಾಸ್ತಿ ಇರಬಹುದು, ಇಲ್ಲವೇ ಬ್ಯಾಟಿನ ಕೋನ ತಪ್ಪಿರಬಹುದು. ಕೋನ ತಪ್ಪಿದ್ದರೆ ಯಾವ ರಬ್ಬರೂ ಕಾಪಾಡಲ್ಲ. ಚೆಂಡು ಮುಂದಕ್ಕೆ ಗಿರಕಿ ಹೊಡೆಯುವಂತೆ ಟಾಪ್‌ಸ್ಪಿನ್ ಎಳೆದದ್ದೆಲ್ಲ ನೆಟ್ಟಿಗೆ ಬೀಳುತ್ತಿದ್ದರೆ ಹಳೇ ರಬ್ಬರಿನ ಹಿಡಿತವೇ ಹೋಗಿರಬೇಕು. ಚೆಂಡನ್ನು ಬ್ಯಾಟಿನ ಮೇಲಿಟ್ಟು ಬೆರಳಲ್ಲಿ ಒತ್ತಿ ಎಳೆದು ನೋಡಿ, ಉರುಳುವ ಬದಲು ಜಾರಿಕೊಂಡು ಬಂದರೆ ಅನುಮಾನವೇ ಬೇಡ.

ಯಾವ ಜಾತಿಯದು

ರಬ್ಬರಿನಲ್ಲಿ ಎರಡು ಪದರ. ಮೇಲೆ ಟಾಪ್‌ಶೀಟ್, ಕೆಳಗೆ ಸ್ಪಾಂಜ್. ಟಾಪ್‌ಶೀಟಿನ ಮುಳ್ಳುಗಳು ಒಳಗೆ ಸ್ಪಾಂಜಿಗೆ ಅಂಟಿ ಹೊರಮೈ ನುಣುಪಾಗಿದ್ದರೆ ಅದು ಇನ್‌ವರ್ಟೆಡ್. ಮುಳ್ಳು ಹೊರಗಿದ್ದರೆ ಪಿಂಪಲ್, ಅದರಲ್ಲಿ ಶಾರ್ಟ್, ಮೀಡಿಯಂ, ಲಾಂಗ್ ಅಂತ ಇದೆ. ಇದು ಬಿಟ್ಟರೆ ನುಣುಪಾಗಿ ಕಂಡರೂ ಹಿಡಿತವೇ ಇಲ್ಲದ ಆ್ಯಂಟಿಸ್ಪಿನ್.

ಕಂಟ್ರೋಲ್ ಬೇಕು ಅನ್ನುವವರಲ್ಲಿ ಕೆಲವರಿಗೆ ಲಾಂಗ್ ಪಿಂಪಲ್ ಹುಚ್ಚು ಹಿಡಿಯುತ್ತದೆ. ಎದುರಿನವರ ಸ್ಪಿನ್ ಅಷ್ಟಾಗಿ ಕಾಡಲ್ಲ, ಅವರ ಟಾಪ್‌ಸ್ಪಿನ್ನು ಅವರಿಗೇ ಬ್ಯಾಕ್‌ಸ್ಪಿನ್, ಅಂದರೆ ಹಿಮ್ಮುಖ ಗಿರಕಿ ಆಗಿ ವಾಪಸ್ ಹೋಗುತ್ತದೆ, ಬೇರೇನು ಬೇಕು? 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಸಿಂಗಲ್ಸ್ ಚಿನ್ನ ಗೆದ್ದ ಮಣಿಕಾ ಬಾತ್ರಾ ಬ್ಯಾಕ್‌ಹ್ಯಾಂಡಿನಲ್ಲಿ ಲಾಂಗ್ ಪಿಂಪಲ್ ಇಟ್ಟುಕೊಂಡೇ ಆಡುತ್ತಾರೆ, ರ್‍ಯಾಲಿ ನಡುವೆ ಬ್ಯಾಟ್ ತಿರುಗಿಸಿ ಎದುರಿನವರ ಲೆಕ್ಕ ತಪ್ಪಿಸುತ್ತಾರೆ. ಹೀಗೆ ತಿರುಗಿಸಿದಾಗ ಯಾವ ಮೈ ತಾಗಿತು ಅಂತ ಎದುರಿನವರಿಗೆ ಕಾಣಲಿ ಅಂತಲೇ ಎರಡೂ ಬದಿಗೆ ಬೇರೆ ಬೇರೆ ಬಣ್ಣ ಇರಬೇಕು ಅನ್ನುವ ನಿಯಮ ಬಂದದ್ದು. 1986ರಿಂದ ಕಪ್ಪು ಮತ್ತು ಕೆಂಪು ಕಡ್ಡಾಯವಾಗಿತ್ತು, 2021ರಿಂದ ಕೆಂಪಿನ ಜಾಗದಲ್ಲಿ ನೀಲಿ, ಹಸಿರು, ಗುಲಾಬಿ, ನೇರಳೆಯೂ ನಡೆಯುತ್ತದೆ. ಆದರೆ ಮಣಿಕಾ ಅದರ ಹಿಂದೆ ವರ್ಷಗಟ್ಟಲೆ ಬೆವರು ಸುರಿಸಿದ್ದಾರೆ. ಪುಶ್ಶು, ಡ್ರೈವಿನಂಥ ಮೂಲ ಹೊಡೆತ ಇನ್ನೂ ಗಟ್ಟಿಯಾಗದವರು ಲಾಂಗ್ ಪಿಂಪಲ್ ಹಾಕಿದರೆ ಚೆಂಡು ಎಲ್ಲಿ ಹೋಗುತ್ತದೆ ಅಂತ ಎದುರಿನವರಿಗೂ ಗೊತ್ತಾಗಲ್ಲ, ಹೊಡೆದವರಿಗೂ ಗೊತ್ತಾಗಲ್ಲ. ಎರಡೂ ಬದಿಗೆ ಇನ್‌ವರ್ಟೆಡ್ಡೇ ಇರಲಿ.

ಸ್ಪಾಂಜಿನ ದಪ್ಪ: ನಿಜವಾದ ಕೆಲಸ ಇಲ್ಲಿರುವುದು

ಬ್ರ್ಯಾಂಡಿನ ಹೆಸರಿಗಿಂತ ಮೊದಲು ನೋಡಬೇಕಾದದ್ದು ದಪ್ಪ. ಒಂದೇ ರಬ್ಬರ್ 1.5, 1.8, 2.0, ಮ್ಯಾಕ್ಸ್ ಅಂತ ಬೇರೆ ಬೇರೆ ದಪ್ಪದಲ್ಲಿ ಬರುತ್ತದೆ. ಅದು ಸ್ಪಾಂಜಿನ ದಪ್ಪ, ಮಿಲಿಮೀಟರಿನಲ್ಲಿ. ಅಂಟು, ಟಾಪ್‌ಶೀಟ್ ಎಲ್ಲ ಸೇರಿ 4 ಮಿಲಿಮೀಟರ್ ಮೀರಬಾರದು ಅಂತ ನಿಯಮ ಇರುವುದರಿಂದ ಮ್ಯಾಕ್ಸ್ ಅಂದರೂ ಸ್ಪಾಂಜ್ ಸಾಮಾನ್ಯವಾಗಿ 2.1ರಿಂದ 2.3ರ ಒಳಗೇ ನಿಲ್ಲುತ್ತದೆ.

ಸ್ಪಾಂಜ್ ದಪ್ಪ ಇದ್ದಷ್ಟೂ ಚೆಂಡು ಒಳಗೆ ಇಳಿಯುತ್ತದೆ, ಇಳಿದದ್ದು ಚಿಮ್ಮಿಕೊಂಡು ಹೊರಗೆ ಬರುತ್ತದೆ. ಜೋರಾಗಿ ಲೂಪ್ ಮಾಡುವವರಿಗೆ, ಅಂದರೆ ಬೀಸಿ ಟಾಪ್‌ಸ್ಪಿನ್ ಎಳೆಯುವವರಿಗೆ, ಇದು ವರ. ಮೆಲ್ಲಗೆ ಮುಟ್ಟಿ ನೆಟ್ಟಿನ ಹತ್ತಿರ ಚೆಂಡು ಇಳಿಸಬೇಕಾದಾಗ ಅದೇ ಚಿಮ್ಮುವಿಕೆ ಕೈ ಕೊಡುತ್ತದೆ. ಸ್ಪಾಂಜ್ ತೆಳ್ಳಗಿದ್ದರೆ ಕೆಳಗಿನ ಮರ ಬೇಗ ಕೈಗೆ ತಿಳಿಯುತ್ತದೆ. ಎಷ್ಟು ಬಲ ಹಾಕಿದೆ ಅಂತ ಕೈಗೆ ಅಂದಾಜು ಸಿಗುತ್ತದೆ. ರೆಡಿಮೇಡ್ ಬ್ಯಾಟ್ ಬಿಟ್ಟು ಬರುವವರಿಗೆ 1.8 ಒಳ್ಳೆ ಜಾಗ. ಫೋರ್‌ಹ್ಯಾಂಡಿನಲ್ಲಿ ಟಾಪ್‌ಸ್ಪಿನ್ ಚೆನ್ನಾಗಿ ಬರುತ್ತಿದೆ ಅಂದರೆ ಆ ಬದಿಗೆ ಮಾತ್ರ 2.0 ಹಾಕಿ, ಬ್ಯಾಕ್‌ಹ್ಯಾಂಡಿಗೆ 1.8 ಸಾಕು. ಚಾಪ್ ಮಾಡುವ, ಅಂದರೆ ಚೆಂಡನ್ನು ಕೆಳಮುಖವಾಗಿ ಕತ್ತರಿಸಿ ವಾಪಸ್ ಕಳಿಸುವ ಡಿಫೆಂಡರ್ 1.5ಕ್ಕೂ ಇಳಿಯಬಹುದು. ಮ್ಯಾಕ್ಸ್ ಈಗ ಬೇಡ. ಅಂಗಡಿಯವರು ಸ್ಟಾಕಿನಲ್ಲಿ ಅದೇ ಇದೆ ಅಂದರೂ ಬೇಡ.

ಸ್ಪಾಂಜಿನ ಕಥೆಗೂ ನಮ್ಮ ದೇಶಕ್ಕೂ ನಂಟಿದೆ. 1952ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಬಾಂಬೆಯಲ್ಲಿ. ಅಲ್ಲಿಯವರೆಗೆ ದೊಡ್ಡ ಆಟಗಾರರೆಲ್ಲ ಸ್ಪಾಂಜ್ ಇಲ್ಲದ, ಟಕ್ ಟಕ್ ಅಂತ ಸದ್ದು ಮಾಡುವ ಮುಳ್ಳಿನ ರಬ್ಬರಿನಲ್ಲಿ ಆಡುತ್ತಿದ್ದರು. ಜಪಾನಿನಿಂದ ಬಂದ ಹಿರೋಜಿ ಸಾಟೋ ಬ್ಯಾಟಿಗೆ ದಪ್ಪ ಸ್ಪಾಂಜ್ ಅಂಟಿಸಿಕೊಂಡು ಬಂದರು. ಚೆಂಡು ತಾಗಿದರೆ ಸದ್ದೇ ಇಲ್ಲ, ಎದುರಿನವರಿಗೆ ಎಷ್ಟು ಜೋರಾಗಿ ಬರುತ್ತಿದೆ ಅಂತ ಅಂದಾಜೇ ಸಿಗಲಿಲ್ಲ. ಸಿಂಗಲ್ಸ್ ಪ್ರಶಸ್ತಿ ಗೆದ್ದು ಹೋದರು. ಬರೀ ಸ್ಪಾಂಜಿಗೆ ಕಡಿವಾಣ ಬಿದ್ದು, ಮೇಲೆ ರಬ್ಬರ್ ಕೆಳಗೆ ಸ್ಪಾಂಜ್ ಅನ್ನುವ ಈಗಿನ ರೂಪವನ್ನು ನಿಯಮ ಒಪ್ಪಿದ್ದು 1959ರಲ್ಲಿ.

ಗಟ್ಟಿಯೋ ಮೆತ್ತಗೋ

ಪ್ಯಾಕೆಟ್ ಮೇಲೆ 38, 42, 47 ಅಂತ ಡಿಗ್ರಿ ಬರೆದಿರುತ್ತದೆ. ಸಂಖ್ಯೆ ಜಾಸ್ತಿ ಆದಷ್ಟೂ ಸ್ಪಾಂಜ್ ಗಟ್ಟಿ. ಆದರೆ ಚಪ್ಪಲಿ ಸೈಜಿನ ಥರ ಇದು, ಒಂದು ದೇಶದ 8 ಇನ್ನೊಂದು ದೇಶದ 8 ಅಲ್ಲ. ಜರ್ಮನಿಯ ಅಳತೆ ಬೇರೆ, ಜಪಾನಿನದು ಬೇರೆ, ಚೀನಾದ್ದು ಬೇರೆ. ಚೀನಾದ ಡಿಎಚ್‌ಎಸ್ ಕಂಪನಿಯ ಹರಿಕೇನ್ 3 ರಬ್ಬರ್ ಮೇಲೆ 39 ಅಂತ ನೋಡಿ ಮೆತ್ತಗಿದೆ ಅಂದುಕೊಂಡು ತಂದರೆ, ಕೈಗೆ ಬರುವುದು ಯುರೋಪಿನ 47ಕ್ಕಿಂತ ಮೆತ್ತಗೇನೂ ಇಲ್ಲದ ಗಟ್ಟಿ ರಬ್ಬರ್.

ಕಲಿಯುವ ಹಂತದಲ್ಲಿ ಯುರೋಪಿನ ಅಳತೆಯಲ್ಲಿ 40ರಿಂದ 44ರ ಆಸುಪಾಸು ಸಾಕು. ಅಷ್ಟೇನೂ ಜೋರಾಗಿ ಹೊಡೆಯದಿದ್ದರೂ ಚೆಂಡು ಸ್ವಲ್ಪ ಒಳಗಿಳಿಯುತ್ತದೆ, ಸ್ಪಿನ್ ಹಿಡಿಯುತ್ತದೆ. ಇನ್ನೂ ಮೆತ್ತಗಾದರೆ ಜೋರಾಗಿ ಹೊಡೆದಾಗ ಚೆಂಡು ಸ್ಪಾಂಜ್ ದಾಟಿ ಮರಕ್ಕೇ ಬಡಿದಂತಾಗಿ ಎಲ್ಲೋ ಹೋಗುತ್ತದೆ. ಗಟ್ಟಿ ರಬ್ಬರಿನ ಕಥೆ ಬೇರೆ. ಹರಿಕೇನ್ 3ರಂಥ ಅಂಟಂಟು ಮೈಯ ಚೀನೀ ರಬ್ಬರ್ ಮೆಲ್ಲಗೆ ಮುಟ್ಟಿದಾಗ ಚಿಮ್ಮುವುದೇ ಇಲ್ಲ, ಹಾಗಾಗಿ ಶಾರ್ಟ್ ಪುಶ್ಶಿನಲ್ಲಿ ಅದರ ಕಂಟ್ರೋಲ್ ನಿಜಕ್ಕೂ ಚೆನ್ನ. ಆದರೆ ಹಿಂದೆ ಸರಿದು ಟಾಪ್‌ಸ್ಪಿನ್ ಎಳೆಯಬೇಕಾದರೆ ಕಾಲಿನಿಂದ, ಸೊಂಟದಿಂದ ಬಲ ತರಬೇಕು. ಚೀನಾದ ಒಲಿಂಪಿಕ್ ಚಾಂಪಿಯನ್ ಮಾ ಲಾಂಗ್ ಅವರ ಫೋರ್‌ಹ್ಯಾಂಡಿನಲ್ಲಿ ಇದ್ದದ್ದು ಹರಿಕೇನ್ 3 ಅಂತ ನಾವೂ ತರಿಸುತ್ತೇವೆ, ಅವರ ಕಾಲು ಎಲ್ಲಿಂದ ತರಿಸೋಣ? ಅಲ್ಲದೆ ರಾಷ್ಟ್ರೀಯ ತಂಡಕ್ಕೆ ಹೋಗುವ ಶೀಟೂ ನಮ್ಮ ಅಂಗಡಿಗೆ ಬರುವ ಸಾಮಾನ್ಯ ಶೀಟೂ ಒಂದೇ ದರ್ಜೆಯವಲ್ಲ.

ಚಿಮ್ಮುವ ಹೊಸ ರಬ್ಬರ್, ಮಾತು ಕೇಳುವ ಹಳೇ ರಬ್ಬರ್

2008ಕ್ಕೆ ಮೊದಲು ಆಟಗಾರರು ಮ್ಯಾಚಿಗೆ ಮುಂಚೆ ಸ್ಪೀಡ್ ಗ್ಲೂ ಬಳಿದು ಸ್ಪಾಂಜ್ ಉಬ್ಬಿಸಿಕೊಳ್ಳುತ್ತಿದ್ದರು. ಅದರ ಆವಿ ಆರೋಗ್ಯಕ್ಕೆ ಕೆಟ್ಟದ್ದು ಅಂತ ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಒಕ್ಕೂಟ (ಐಟಿಟಿಎಫ್) ಆ ವರ್ಷ ನಿಷೇಧಿಸಿತು. ಅದರ ಜಾಗ ತುಂಬಿದ್ದು ಕಾರ್ಖಾನೆಯಲ್ಲೇ ಒಳಗೆ ಬಿಗಿತ ಕೂರಿಸಿದ ಟೆನ್ಸರ್ ಥರದ ರಬ್ಬರುಗಳು. ಬಟರ್‌ಫ್ಲೈ ಕಂಪನಿಯ ಟೆನರ್ಜಿ 05 ಬಂದದ್ದೂ 2008ರಲ್ಲೇ. ಇವುಗಳ ಸ್ಪಿನ್ ಅದ್ಭುತ, ಚೆಂಡು ಎತ್ತರದ ಕಮಾನಿನಲ್ಲಿ ಹೋಗಿ ಟೇಬಲ್ಲಿಗೆ ಇಳಿಯುತ್ತದೆ. ಆದರೆ ಹಿಡಿತ ಜಾಸ್ತಿ ಇರುವ ರಬ್ಬರ್ ನೀವು ಕೊಟ್ಟ ಸ್ಪಿನ್ ಜೊತೆಗೆ ಎದುರಿನವರು ಕೊಟ್ಟ ಸ್ಪಿನ್ನನ್ನೂ ಅಷ್ಟೇ ಗಟ್ಟಿಯಾಗಿ ಹಿಡಿಯುತ್ತದೆ. ಅವರ ಸರ್ವ್ ಓದಲು ಬಾರದಿದ್ದರೆ ಚೆಂಡು ಪಕ್ಕದ ಟೇಬಲ್ಲಿಗೆ!

ಇದಕ್ಕೆ ಮೊದಲಿನ ಕಾಲದ ರಬ್ಬರುಗಳು ಈಗಲೂ ಮಾರಾಟಕ್ಕಿವೆ. ಯಸಾಕಾ ಮಾರ್ಕ್ 5 ಬಂದದ್ದು 1969ರಲ್ಲಿ, ಬಟರ್‌ಫ್ಲೈ ಸ್ರೈವರ್ ಅದಕ್ಕೂ ಮುಂಚೆ, 1967ರಲ್ಲಿ. ಹಳೇ ಮಾಲು ಅಂತ ಮೂಗು ಮುರಿಯಬೇಡಿ. ಸ್ಪಿನ್ ಸಾಕಷ್ಟಿದೆ, ವೇಗ ಸಾಕಷ್ಟಿದೆ, ನೀವು ಹಾಕಿದ್ದಕ್ಕಿಂತ ಜಾಸ್ತಿ ಅವು ತಾವಾಗಿ ಸೇರಿಸುವುದಿಲ್ಲ. ನನ್ನನ್ನು ಕೇಳಿದರೆ ಎರಡೂ ಬದಿಗೆ 1.8ರ ಮಾರ್ಕ್ 5 ಹಾಕಿ ಒಂದು ವರ್ಷ ಕಣ್ಣು ಮುಚ್ಚಿ ಆಡಿ ಅನ್ನುತ್ತೇನೆ. ಹೊಸ ಪೀಳಿಗೆಯದ್ದೇ ಬೇಕು ಅಂದರೆ ಝಿಯೋಮ್ ವೇಗಾ ಯುರೋಪ್ ಅಥವಾ ಬಟರ್‌ಫ್ಲೈ ರೋಜೆನಾ ನೋಡಬಹುದು, ಟೆನರ್ಜಿಯಷ್ಟು ಸಿಟ್ಟಿನವಲ್ಲ.

ಪ್ಲೈ ಮರೆಯಬೇಡಿ

ರಬ್ಬರ್ ಕೂರುವ ಮರವನ್ನು ನಮ್ಮಲ್ಲಿ ಪ್ಲೈ ಅನ್ನುತ್ತೇವೆ. ಕಾರ್ಬನ್ ಪ್ಲೈ ಮೇಲೆ ಎಂಥ ಕಂಟ್ರೋಲ್ ರಬ್ಬರ್ ಹಾಕಿದರೂ ಪೂರ್ತಿ ಪ್ರಯೋಜನ ಆಗಲ್ಲ. ಐದು ಪದರದ ಬರೀ ಮರದ ಆಲ್‌ರೌಂಡ್ ಪ್ಲೈ, ಉದಾಹರಣೆಗೆ ಸ್ಟಿಗಾ ಆಲ್‌ರೌಂಡ್ ಕ್ಲಾಸಿಕ್ ಥರದ್ದು, ಸಾಕು. ಹೊಸ ಪ್ಲೈ, ಹೊಸ ರಬ್ಬರ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗಲ್ಲ, ಸಾಧ್ಯವಾದರೆ ಒಂದೊಂದೇ ಬದಲಿಸಿ.

ಕೊಳ್ಳುವಾಗ, ಅಂಟಿಸುವಾಗ

ಪ್ಯಾಕೆಟ್ಟಿನ ಹಿಂದೆ ಸ್ಪೀಡ್, ಸ್ಪಿನ್, ಕಂಟ್ರೋಲ್ ಅಂತ ಅಂಕಿಗಳಿರುತ್ತವೆ, ಅವನ್ನು ಆಯಾ ಕಂಪನಿಯೇ ಕೊಟ್ಟುಕೊಂಡದ್ದು. ಒಂದೇ ಕಂಪನಿಯ ಎರಡು ರಬ್ಬರ್ ಹೋಲಿಸಲು ಸರಿ, ಎರಡು ಕಂಪನಿಗಳ ನಡುವೆ ಹೋಲಿಸಲು ದಂಡ. ಟೂರ್ನಮೆಂಟ್ ಆಡುವ ಆಸೆ ಇದ್ದರೆ ಶೀಟಿನ ಬುಡದಲ್ಲಿ ಐಟಿಟಿಎಫ್ ಗುರುತು, ಸಂಖ್ಯೆ ಇದೆಯಾ ನೋಡಿ. ನಂಬಲಾಗದಷ್ಟು ಅಗ್ಗಕ್ಕೆ ಸಿಕ್ಕರೆ ನಕಲಿ ಇರುವ ಸಾಧ್ಯತೆಯೇ ಜಾಸ್ತಿ.

ಅಂಟಿಸಲು ನೀರು ಆಧಾರಿತ ಗ್ಲೂ ತನ್ನಿ. ಸ್ಪಾಂಜಿಗೂ ಪ್ಲೈಗೂ ತೆಳ್ಳಗೆ ಬಳಿಯಿರಿ. ಬಿಳಿ ಬಣ್ಣ ಹೋಗಿ ಪಾರದರ್ಶಕ ಆಗುವವರೆಗೆ ಕಾಯಿರಿ, ಆತುರ ಬೇಡ. ಆಮೇಲೆ ಹಿಡಿಯ ಕಡೆಯಿಂದ ಶುರು ಮಾಡಿ ಮೇಲಕ್ಕೆ ಕೂರಿಸುತ್ತಾ ಬನ್ನಿ. ರಬ್ಬರ್ ಎಳೆದು ಹಿಗ್ಗಿಸಬಾರದು, ಹಿಗ್ಗಿದರೆ ಒಂದು ಕಡೆ ಒಂದು ಥರ ಇನ್ನೊಂದು ಕಡೆ ಇನ್ನೊಂದು ಥರ ಆಡುತ್ತದೆ. ಮೇಲೆ ಲಟ್ಟಣಿಗೆ ಉರುಳಿಸಿ, ಒಂದು ರಾತ್ರಿ ದಪ್ಪ ಪುಸ್ತಕದ ಕೆಳಗಿಟ್ಟು, ಬೆಳಿಗ್ಗೆ ಹರಿತ ಬ್ಲೇಡಿನಲ್ಲಿ ಅಂಚು ಕತ್ತರಿಸಿ. ಸ್ಪಾಂಜ್ ಉಬ್ಬಿಸುವ ಬೂಸ್ಟರ್ ಎಣ್ಣೆ ಹಚ್ಚು ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದು ನಿಯಮಕ್ಕೂ ವಿರುದ್ಧ, ಕಂಟ್ರೋಲಿಗೂ ವಿರುದ್ಧ.

ಪರೀಕ್ಷೆ

ಹೊಸ ರಬ್ಬರಿನಲ್ಲಿ ಮೊದಲ ದಿನವೇ ಮ್ಯಾಚ್ ಆಡಿ ತೀರ್ಮಾನಕ್ಕೆ ಬರಬೇಡಿ. ಎದುರಿನ ಅರ್ಧದಲ್ಲಿ ನೆಟ್ಟಿನ ಹತ್ತಿರ ಒಂದು ಎ4 ಹಾಳೆ, ಹಿಂದಿನ ಮೂಲೆಯಲ್ಲಿ ಇನ್ನೊಂದು ಹಾಳೆ ಇಡಿ. ಜೊತೆಯವರಿಂದ ಚೆಂಡು ಹಾಕಿಸಿಕೊಂಡು 20 ಪುಶ್ ಮೊದಲ ಹಾಳೆಗೆ, 20 ಬ್ಲಾಕ್ ಎರಡನೆಯದಕ್ಕೆ. ಹಳೇ ಬ್ಯಾಟಿನಲ್ಲೂ ಅಷ್ಟೇ ಆಡಿ ಎಣಿಸಿ. ತಪ್ಪಿದ ಚೆಂಡುಗಳು ಎಲ್ಲಿ ಬಿದ್ದವು ಅನ್ನುವುದು ಎಣಿಕೆಗಿಂತ ಮುಖ್ಯ. ಎಲ್ಲವೂ ಒಂದೇ ಕಡೆ ಸ್ವಲ್ಪ ಉದ್ದ ಹೋಗುತ್ತಿದ್ದರೆ ಚಿಂತೆ ಇಲ್ಲ, ಕೋನ ಒಂಚೂರು ಮುಚ್ಚಿದರೆ ಆಯಿತು, ಎರಡು ವಾರದಲ್ಲಿ ಕೈ ಹೊಂದಿಕೊಳ್ಳುತ್ತದೆ. ಒಂದು ನೆಟ್ಟಿಗೆ, ಒಂದು ಗೋಡೆಗೆ, ಒಂದು ಬದಿಗೆ ಅಂತ ಚದುರಿದ್ದರೆ, ಎರಡು ವಾರ ಕಳೆದರೂ ಹಾಗೇ ಇದ್ದರೆ, ಆ ರಬ್ಬರ್ ನಿಮಗೆ ಜಾಸ್ತಿ ಆಯಿತು. ತೆಳು ಸ್ಪಾಂಜಿಗೆ ಇಳಿಯಿರಿ.

ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಆಡುವವರಿಗೆ ಇನ್ನೊಂದು ತಲೆನೋವು. ತೇವ ರಬ್ಬರಿನ ಮೈ ಮೇಲೆ ಕೂತು ಚೆಂಡು ಜಾರುತ್ತದೆ, ಅಂಟಂಟು ರಬ್ಬರಿನಲ್ಲಂತೂ ತೀರಾ ಜಾಸ್ತಿ. ಹಾಗಾಗಿ ಅಲ್ಲಿಯವರು ಅಂಥ ಅಂಟಂಟು (ಟ್ಯಾಕಿ) ರಬ್ಬರ್ ತರುವ ಮೊದಲು ಯೋಚಿಸಿ. ಪ್ರತಿ 6 ಪಾಯಿಂಟಿಗೊಮ್ಮೆ ಟವೆಲ್ ಹಿಡಿಯಲು ನಿಯಮದಲ್ಲೇ ಅವಕಾಶ ಇದೆ, ಬೆವರು ಒರೆಸಿಕೊಳ್ಳುವಾಗ ಬ್ಯಾಟನ್ನೂ ಒರೆಸಿ. ಬೆಂಗಳೂರಿನಲ್ಲಿ ಧೂಳಿನ ಕಾಟ. ಆಟ ಮುಗಿದ ಮೇಲೆ ಒದ್ದೆ ಸ್ಪಾಂಜಿನಿಂದ ಮೈ ಒರೆಸಿ, ಒಣಗಿಸಿ, ಪ್ಲಾಸ್ಟಿಕ್ ಹಾಳೆ ಅಂಟಿಸಿ ಕವರಿನಲ್ಲಿಡಿ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ಇಷ್ಟೆಲ್ಲ ಮಾಡಿದರೂ ವಾರಕ್ಕೆ ಮೂರ್ನಾಲ್ಕು ದಿನ ಆಡುವವರ ರಬ್ಬರಿನ ನಡುಭಾಗ ಒಂದು ದಿನ ನುಣ್ಣಗೆ ಹೊಳೆಯಲು ಶುರುವಾಗುತ್ತದೆ, ಆಗ ಅದೇ ರಬ್ಬರ್, ಅದೇ ದಪ್ಪದ್ದು ಇನ್ನೊಂದು ತನ್ನಿ. ಹಳೆಯದನ್ನು ಕೀಳುವಾಗ ಹಿಡಿಯ ಬದಿಯ ಮೂಲೆಯಿಂದ ನಿಧಾನವಾಗಿ ಎಳೆಯಿರಿ, ಮರದ ನಾರು ಎದ್ದು ಬಂತಾದರೆ ತಕ್ಷಣ ನಿಲ್ಲಿಸಿ ಇನ್ನೊಂದು ಬದಿಯಿಂದ ಶುರು ಮಾಡಿ.